ತೊಂಬತ್ತೊಂದನೆಯ ಗಂಟು

ನಾನು ಹೇಳಲು ಹೊರಟಿರುವುದು ನನ್ನ ಮರ್ಯಾದೆ ಹೋದ ಕಥೆ. ಹೋಗಬೇಕಾದದ್ದು ಹೋಯಿತು, ಅದಕ್ಕೆ ನನಗೆ ಬೇಸರವಿಲ್ಲ. ಅಷ್ಟು ವರ್ಷ ಅದು ನನ್ನ ಹತ್ತಿರ ಇತ್ತಲ್ಲ, ಅದನ್ನು ನೆನೆದರೆ ಮುಖ ಮುಚ್ಚಿಕೊಳ್ಳೋಣ ಅನ್ನಿಸುತ್ತದೆ. ನಡುನಡುವೆ ನನ್ನನ್ನು ನಾನೇ ಬೈದುಕೊಂಡರೆ ನೀವು ಸಮಾಧಾನ ಹೇಳಲು ಬರಬೇಡಿ. ಸುಮ್ಮನೆ ಕೇಳಿ.

ನಮ್ಮ ಊರಿನ ಸುತ್ತ ಹುದುಲು. ಹುದುಲೆಂದರೆ ಕಾಲಿಟ್ಟವರನ್ನು ಒಳಗೆಳೆದುಕೊಳ್ಳುವ ಕೆಸರು. ಹುದುಲಿನ ಮೇಲೆ ಮಂಜು. ಅದು ಬೇಸಿಗೆಯಲ್ಲೂ ಏಳುವುದಿಲ್ಲ, ನಡು ಮಧ್ಯಾಹ್ನದಲ್ಲೂ ಏಳುವುದಿಲ್ಲ. ಚಾಚಿದ ಕೈ ತನಗೇ ಕಾಣುವುದಿಲ್ಲ. ಆಚೆ ದಡದಲ್ಲಿ ಉಪ್ಪಿದೆ, ಔಷಧಿಯಿದೆ, ಹೆಣ್ಣು ಕೊಡುವವರಿದ್ದಾರೆ, ಹೆಣ್ಣು ತರುವವರಿದ್ದಾರೆ. ಕೆಸರಿನ ಒಂದು ಗೇಣು ಕೆಳಗೆ ಮುನ್ನೂರ ಹನ್ನೆರಡು ಕಲ್ಲುಗಳಿವೆ. ಒಂದು ಕಲ್ಲಿನ ಮೇಲೆ ನಿಂತರೆ ಮುಂದಿನ ಕಲ್ಲು ಎಡಕ್ಕಿರುತ್ತದೆ, ಇಲ್ಲವೇ ಬಲಕ್ಕಿರುತ್ತದೆ. ಗೊತ್ತಿದ್ದವನು ದಾಟುತ್ತಾನೆ. ಗೊತ್ತಿಲ್ಲದವನು ಇಳಿಯುತ್ತಾನೆ.

ಎಲ್ಲಿ ಎಡ, ಎಲ್ಲಿ ಬಲ ಎಂದು ಹೇಳುವುದು ಬಟ್ಟೆ. ಊರ ಚಾವಡಿಯಲ್ಲಿ ತಾಯಿಬಟ್ಟೆ ಇದೆ. ಅಂಗೈ ಅಗಲದ ಪಟ್ಟಿ, ಹನ್ನೆರಡು ಮಾರು ಉದ್ದ, ಅದರ ಮೇಲೆ ಮುನ್ನೂರ ಹನ್ನೆರಡು ಗಂಟು. ಎಡದಂಚಿನಲ್ಲಿ ಗಂಟು ಸಿಕ್ಕರೆ ಎಡಕ್ಕೆ ಹೆಜ್ಜೆ. ಬಲದಂಚಿನಲ್ಲಿ ಸಿಕ್ಕರೆ ಬಲಕ್ಕೆ ಹೆಜ್ಜೆ. ದಾಟುವ ಪ್ರತಿಯೊಬ್ಬರಿಗೂ ಅಂಥದೇ ಒಂದು ಮರಿಬಟ್ಟೆಯನ್ನು ನೇಯುತ್ತಾರೆ. ಅದನ್ನು ಹೆಗಲಿಗೆ ಹಾಕಿಕೊಂಡು, ಒಂದು ಗಂಟು ಮುಟ್ಟಿ ಒಂದು ಹೆಜ್ಜೆ, ಇನ್ನೊಂದು ಗಂಟು ಮುಟ್ಟಿ ಇನ್ನೊಂದು ಹೆಜ್ಜೆ, ಹೀಗೆ ಬಾಯಲ್ಲಿ ಎಣಿಸುತ್ತಾ ದಾಟುತ್ತಾರೆ.

ತಾಯಿಬಟ್ಟೆಯಂತಿದ್ದರೆ ಸರಿ, ತಾಯಿಬಟ್ಟೆಯಂತಿಲ್ಲದಿದ್ದರೆ ತಪ್ಪು. ನಮ್ಮ ಊರಿನಲ್ಲಿ ಕಾನೂನು ಅಂತ ಇದ್ದದ್ದು ಇದೊಂದೇ.

ನಾನು ತಾಳೆ ನೋಡುವವನು, ಕೂಸಾಗಿದ್ದಾಗಲೇ ಈ ಕೆಲಸಕ್ಕೆಂದು ಗೊತ್ತುಮಾಡಿ ಹನ್ನೆರಡನೆಯ ವಯಸ್ಸಿಗೆ ಕೂರಿಸಿದವನು. ಊರಿನವರು ತಾಳೆಯಪ್ಪ ಅನ್ನುತ್ತಿದ್ದರು. ಯಾರಾದರೂ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಹೊಸ ಮರಿಬಟ್ಟೆ ಬಂದ ದಿನ ಬೆಳಿಗ್ಗೆ ಸ್ನಾನ ಮಾಡಿ, ಬೆಚ್ಚಗಿನ ನೀರಿನಲ್ಲಿ ಬೆರಳು ನೆನೆಸಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಚಾವಡಿಯಲ್ಲಿ ಕೂರುತ್ತಿದ್ದೆ. ಎಡಗೈ ತಾಯಿಯ ಮೇಲೆ, ಬಲಗೈ ಮರಿಯ ಮೇಲೆ. ಒಂದು ಗಂಟು, ಒಂದು ಉಸಿರು. ಎರಡೂ ಒಂದೇ ಆದರೆ ಮುಂದಕ್ಕೆ. ಬೇರೆಯಾದರೆ ಬೆರಳು ತಾನಾಗಿ ನಿಲ್ಲುತ್ತಿತ್ತು, ನಾನು 'ತಪ್ಪು' ಅನ್ನುತ್ತಿದ್ದೆ. ಅಷ್ಟೇ ಮಾತು. ಆಮೇಲೆ ಯಾರು ಎಷ್ಟು ಅಂಗಲಾಚಿದರೂ ನಾನು ಜಗ್ಗುತ್ತಿರಲಿಲ್ಲ.

ಗಂಟುಗಳೆಲ್ಲ ಒಂದೇ ದಾರದವು. ನಡುವಿನ ಒಂದನ್ನು ಬಿಚ್ಚಬೇಕಾದರೆ ಕೊನೆಯಿಂದ ಬಿಚ್ಚುತ್ತಾ ಬರಬೇಕು. ತಪ್ಪು ಮಾಡಿದ ನೇಯುವವಳು ಚಾವಡಿಯ ಮೆಟ್ಟಿಲ ಮೇಲೆ ಕೂತು, ಹೋಗಿ ಬರುವವರ ಎದುರಿಗೆ ಒಂದೊಂದೇ ಗಂಟು ಬಿಚ್ಚುತ್ತಾ, ಪ್ರತಿ ಗಂಟಿಗೂ 'ನನ್ನ ಕೈ ತಪ್ಪಿತು' ಅನ್ನಬೇಕು. ಈ ಪದ್ಧತಿಯನ್ನು ನಾನು ತಂದದ್ದಲ್ಲ. ನಡೆಸಿಕೊಂಡು ಬಂದೆ, ಅಷ್ಟೇ. ಆದರೆ ಖುಷಿಯಿಂದ ನಡೆಸಿಕೊಂಡು ಬಂದೆ, ಅದನ್ನೂ ಹೇಳಬೇಕು.

ತಾಳೆಯಪ್ಪನಾದವನು ಹುದುಲಿಗೆ ಕಾಲಿಡುವ ಹಾಗಿಲ್ಲ. ಇಟ್ಟರೆ ಬೆರಳಿಗೆ ಹುದುಲಿನ ನೆನಪು ಸೇರಿಕೊಂಡು ತಾಯಿಬಟ್ಟೆಯ ಗಂಟು ಸರಿಯಾಗಿ ತಿಳಿಯುವುದಿಲ್ಲವಂತೆ. ನನ್ನ ಅಂಗಾಲು ಐವತ್ತೆರಡು ವರ್ಷ ಒಂದು ತೊಟ್ಟು ಕೆಸರು ಕಂಡದ್ದಲ್ಲ. ಅದರ ಬಗ್ಗೆ ನನಗೆ ಜಂಬವಿತ್ತು. ಕೂತಲ್ಲಿ ಕಾಲು ಚಾಚಿ ಕೂರುತ್ತಿದ್ದೆ, ಅಂಗಾಲು ಎಲ್ಲರಿಗೂ ಕಾಣಲಿ ಅಂತ. ಥೂ.

ಇನ್ನೊಂದು ಮಾತಿದೆ. ದಾಟುವಾಗ ಯಾರಾದರೂ ಹುದುಲಿಗೆ ಇಳಿದರೆ, ತಪ್ಪು ಎರಡೇ ಕಡೆ ಇರಬಹುದು ಎಂದು ನಮ್ಮವರ ಲೆಕ್ಕ. ಬಟ್ಟೆ ತಪ್ಪಿರಬೇಕು, ಇಲ್ಲವೇ ಹೆಜ್ಜೆ ತಪ್ಪಿರಬೇಕು. ಅವರ ಬಟ್ಟೆಯನ್ನು ನನ್ನ ಮುಂದೆ ತಂದಿಡುತ್ತಿದ್ದರು. ಎಡಗೈ ತಾಯಿಯ ಮೇಲೆ, ಬಲಗೈ ಮರಿಯ ಮೇಲೆ. ಎರಡೂ ಒಂದೇ ಇದ್ದರೆ ಬಟ್ಟೆ ಸರಿ. ಬಟ್ಟೆ ಸರಿ ಅಂದಮೇಲೆ ಹೆಜ್ಜೆ ತಪ್ಪು. ಹೆಜ್ಜೆ ತಪ್ಪಿದವರು ಸತ್ತಿದ್ದರೆ ಅವರ ಹೆಸರು ಹೇಳಿ ಯಾರೂ ಅಳುವಂತಿಲ್ಲ. ಬದುಕಿದ್ದರೆ ಮತ್ತೆ ಯಾವತ್ತೂ ದಾಟುವಂತಿಲ್ಲ.

ನನ್ನ ಕಾಲದಲ್ಲಿ ಹಾಗೆ ನಾಲ್ವರು ಇಳಿದರು. ಆಚೆ ದಡದಿಂದ ಬಂದ ಒಬ್ಬ ಸೊಸೆ, ಅತ್ತೆಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಹುಟ್ಟು ಕಿವುಡನೊಬ್ಬ. ಊರೆಲ್ಲರ ಹತ್ತಿರ ಜಗಳ ಕಾಯ್ದುಕೊಂಡು ಮಾತು ಬಿಟ್ಟಿದ್ದ ಒಬ್ಬ ಕುಂಬಾರ. ಮರೆವಿನ ಒಬ್ಬ ಮುದುಕ. ಸೊಸೆಯೂ ಕುಂಬಾರನೂ ಸಿಗಲೇ ಇಲ್ಲ, ಅವರ ಬಟ್ಟೆ ಮಾತ್ರ ಕೆಸರಿನ ಮೇಲೆ ಸಿಕ್ಕಿತು. ಉಳಿದಿಬ್ಬರನ್ನು ಹಗ್ಗ ಹಾಕಿ ಎಳೆದರು. ನಾಲ್ವರ ಬಟ್ಟೆಯನ್ನೂ ನಾನೇ ನೋಡಿದೆ. ನಾಲ್ಕೂ ಸರಿಯಾಗಿದ್ದವು. ನಾಲ್ಕು ಸಲ 'ಹೆಜ್ಜೆ ತಪ್ಪು' ಅಂದೆ, ಮನೆಗೆ ಹೋಗಿ ಊಟ ಮಾಡಿದೆ.

ನನ್ನ ಹೆಂಡತಿ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಳು. ನಮ್ಮ ಊರಿನಲ್ಲಿ ಸೂಲಗಿತ್ತಿ ಇರಲಿಲ್ಲ. ಆಚೆ ದಡದವಳು ಹುದುಲು ದಾಟಿ ಬರುವಷ್ಟರಲ್ಲಿ ತಾಯಿಯೂ ಇಲ್ಲ, ಕೂಸೂ ಇಲ್ಲ. ಮೊದಲ ಮಗಳು ಆಗ ಐದು ವರ್ಷದವಳು, ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಹದಿನೆಂಟು ತುಂಬಿದ ದಿನ ಅವಳು, ತಾನು ಆಚೆ ದಡಕ್ಕೆ ಹೋಗಿ ಸೂಲಗಿತ್ತಿಯ ಕೈಕೆಳಗೆ ಎರಡು ವರ್ಷ ಕಲಿತು ಬರುತ್ತೇನೆ ಅಂದಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಊರಿನಲ್ಲಿ ಆಗ ಮೂವರು ಬಸುರಿಯರಿದ್ದರು, ಈ ಹೆರಿಗೆಗಲ್ಲದಿದ್ದರೂ ಮುಂದಿನದಕ್ಕಾದರೂ ಒದಗುತ್ತಾಳೆ ಎಂದು ಅವರ ಮನೆಯವರೆಲ್ಲ ಬಂದು ಅವಳ ತಲೆ ಸವರಿ ಹೋದರು.

ಮಗಳ ಮರಿಬಟ್ಟೆಯನ್ನು ಊರಿನ ಹಿರಿಯ ನೇಯುವವಳೇ ನೇಯ್ದಳು. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ನಲವತ್ತು ವರ್ಷದಲ್ಲಿ ಅವಳ ಒಂದು ಗಂಟಿನ ಮೇಲೂ ನನ್ನ ಬೆರಳು ನಿಂತದ್ದಿಲ್ಲ. ಆವತ್ತು ನಿಂತಿತು. ಎಡಗೈ ತಾಯಿಯ ಮೇಲೆ, ಬಲಗೈ ಮರಿಯ ಮೇಲೆ, ತೊಂಬತ್ತು ಗಂಟು ಆಯಿತು, ತೊಂಬತ್ತೊಂದರಲ್ಲಿ ತಾಯಿಬಟ್ಟೆಯದು ಎಡ, ಇದರದು ಬಲ. ಮತ್ತೆ ಮುಟ್ಟಿದೆ. ಬಲವೇ.

'ತಪ್ಪು' ಅಂದೆ.

ಅಕ್ಕ ಹತ್ತಿರ ಬಂದು ಕೂತಳು. ಯಾರಿಗೂ ಕೇಳದ ಹಾಗೆ ಹೇಳಿದಳು: "ತಾಳೆಯಪ್ಪಾ, ನನ್ನ ಕೈ ತಪ್ಪಿಲ್ಲ. ಬೇಕಂತಲೇ ಹಾಕಿದೀನಿ. ಇದೊಂದು ಬಿಟ್ಟುಬಿಡು. ಹೋಗ್ತಿರೋದು ನಿನ್ನ ಮಗಳು."

ನನಗೆ ಮೈ ಉರಿಯಿತು. ನನ್ನ ಮಗಳಾದರೆ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ ಅಂತ ಇವಳು ಎಣಿಸಿದ್ದಾಳಲ್ಲ ಎಂದು. ತಾಯಿಬಟ್ಟೆಯಲ್ಲಿ ಎಡ ಇರುವಾಗ ಬಲ ಹಾಕಲು ನೀನು ಯಾರು ಅಂದೆ. ಅವಳು ಇನ್ನೇನೋ ಹೇಳಲು ಹೊರಟಳು, ನಾನು ಬಿಡಲಿಲ್ಲ. ಅವಳನ್ನು ಮೆಟ್ಟಿಲ ಮೇಲೆ ಕೂರಿಸಿದೆ. ಕೊನೆಯಿಂದ ತೊಂಬತ್ತೊಂದರವರೆಗೆ ಇನ್ನೂರ ಇಪ್ಪತ್ತೆರಡು ಗಂಟು. ಅರವತ್ತೈದು ವರ್ಷದ ಹೆಂಗಸು ಇನ್ನೂರ ಇಪ್ಪತ್ತೆರಡು ಸಲ 'ನನ್ನ ಕೈ ತಪ್ಪಿತು' ಅಂದಳು. ಬೆಳಿಗ್ಗೆ ಶುರು ಮಾಡಿದವಳು ದನ ಮನೆಗೆ ಬರುವ ಹೊತ್ತಿಗೆ ಮುಗಿಸಿದಳು. ಹೋಗಿ ಬರುವವರು ನನ್ನನ್ನು ಒಂಥರಾ ನೋಡುತ್ತಿದ್ದರು. ಮೆಚ್ಚಿ ನೋಡುತ್ತಿದ್ದಾರೆ ಅಂದುಕೊಂಡೆ. ಸ್ವಂತ ಮಗಳ ಬಟ್ಟೆಯಲ್ಲೂ ಮುಲಾಜು ನೋಡಲಿಲ್ಲ ಈ ಮನುಷ್ಯ, ಅಂತ. ಎದೆ ಉಬ್ಬಿಸಿಕೊಂಡು ಕೂತಿದ್ದೆ ನೋಡಿ.

ಎಂಟು ದಿನ ಬಿಟ್ಟು ಹೊಸದಾಗಿ ಗಂಟು ಹಾಕಿ ತಂದಳು. ಈ ಸಲ ಎಲ್ಲ ತಾಯಿಬಟ್ಟೆಯ ಹಾಗೇ ಇತ್ತು. ನಾನು 'ಸರಿ' ಅಂದೆ. ಅಕ್ಕ ನನ್ನ ಮುಖ ನೋಡದೆ ಹೋದಳು.

ಮಗಳು ಹೊರಟ ಬೆಳಿಗ್ಗೆ ಅವಳ ಹೆಗಲಿಗೆ ಬಟ್ಟೆ ಹಾಕಿದವನು ನಾನೇ. ಗಂಟು ಗಂಟೂ ಸರಿಯಿದೆ ಮಗಾ, ನಾನು ನೋಡಿದೀನಿ, ಅಂದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಕಾಲಿಗೆ ಬಿದ್ದಳು. ದಡದಲ್ಲಿ ಉಪ್ಪು ತರುವವರು ನಾಲ್ಕು ಜನ ನಿಂತಿದ್ದರು. ಅವರಿಗಿಂತ ಮುಂದೆ ಇವಳು ಇಳಿದು ಮಂಜಿನೊಳಗೆ ಹೋದಳು.

ಊಟದ ಹೊತ್ತಿಗೆ ಅವಳನ್ನು ಹೊತ್ತು ತಂದರು. ಕಂಕುಳವರೆಗೆ ಇಳಿದಿದ್ದಳಂತೆ. ಹಿಂದೆ ಬರುತ್ತಿದ್ದವರಿಗೆ ಕೂಗು ಕೇಳಿಸಿ ಹಗ್ಗ ಎಸೆದು ಎಳೆದಿದ್ದರು. ಎಡ ಮೊಣಕಾಲು ತಿರುಚಿತ್ತು. ಮೂಗಿನಲ್ಲಿ, ಕಿವಿಯಲ್ಲಿ, ರೆಪ್ಪೆಯ ಮೇಲೆ ಎಲ್ಲ ಕೆಸರು. ನಾನು ಒರೆಸಿದೆ. ಬದುಕಿದ್ದಾಳಲ್ಲ ಅಂತ ಅತ್ತೆ. ಅಳುತ್ತಿರುವಾಗಲೇ ಒಳಗೊಂದು ಭಯ ಹುಟ್ಟಿತು: ಇನ್ನು ಬಟ್ಟೆಯನ್ನು ನನ್ನ ಮುಂದೆ ತಂದಿಡುತ್ತಾರೆ.

ಮೂರನೆಯ ದಿನ ತಂದಿಟ್ಟರು. ಊರೆಲ್ಲ ಚಾವಡಿಯಲ್ಲಿತ್ತು, ಮಗಳನ್ನು ಮಂಚ ಸಮೇತ ತಂದು ಕಂಬದ ಪಕ್ಕ ಇಟ್ಟಿದ್ದರು. ಬೆರಳು ನೆನೆಸಿದೆ. ಕಣ್ಣು ಕಟ್ಟಿಕೊಂಡೆ. ಎಡಗೈ ತಾಯಿಯ ಮೇಲೆ, ಬಲಗೈ ಮರಿಯ ಮೇಲೆ. ಎಲ್ಲಾದರೂ ಒಂದು ಗಂಟು ಬೇರೆಯಾಗಿರಲಿ ಎಂದು ಆವತ್ತು ಮೊದಲ ಸಲ ಬೇಡಿಕೊಂಡೆ. ಒಂದೇ ಒಂದು. ಆ ಬಟ್ಟೆ ತಪ್ಪಿದ್ದರೆ ಮಗಳು ಉಳಿಯುತ್ತಾಳೆ, ಮತ್ತೆ ದಾಟುತ್ತಾಳೆ, ಕಲಿಯುತ್ತಾಳೆ. ಮೂರು ಸಲ ನೋಡಿದೆ. ಮೂರು ಸಲವೂ ಮುನ್ನೂರ ಹನ್ನೆರಡಕ್ಕೆ ಮುನ್ನೂರ ಹನ್ನೆರಡು ಒಂದೇ ಇತ್ತು.

ಬೇರೆ ಯಾರಾದರೂ ಆಗಿದ್ದರೆ ಸುಳ್ಳು ಹೇಳುತ್ತಿದ್ದರೇನೋ. ನಾನು ಕಣ್ಣುಪಟ್ಟಿ ಬಿಚ್ಚದೆಯೇ ಅಂದೆ: "ಬಟ್ಟೆ ಸರಿ. ಹೆಜ್ಜೆ ತಪ್ಪು."

ಪಟ್ಟಿ ಬಿಚ್ಚಿದಾಗ ಎಲ್ಲರೂ ನೆಲ ನೋಡುತ್ತಿದ್ದರು. ಮಗಳೊಬ್ಬಳು ನನ್ನನ್ನು ನೋಡುತ್ತಿದ್ದಳು. ನಾನು ನೆಲ ನೋಡಿದೆ.

ಆಮೇಲಿನ ದಿನಗಳು ಹೇಗಿದ್ದವು ಅಂತ ಹೇಳಲು ನನಗೆ ಬರುವುದಿಲ್ಲ. ಅವಳು ಜಗಳವಾಡಲಿಲ್ಲ, ಊಟ ಬಿಡಲಿಲ್ಲ. ಕಾಲಿಗೆ ಎಣ್ಣೆ ಹಚ್ಚಿಕೊಳ್ಳುವಳು, ಗೋಡೆ ಹಿಡಿದು ನಡೆಯುವಳು, ಮಾಡಿದ ಅಡುಗೆಯನ್ನು ನನಗೆ ಬಡಿಸುವಳು. ಸೂಲಗಿತ್ತಿಯ ವಿಷಯ ಎತ್ತಲಿಲ್ಲ. ಬಸುರಿಯರ ಮನೆಯವರು ನಮ್ಮ ಬೀದಿಗೆ ಬರುವುದನ್ನು ಬಿಟ್ಟರು. ಮೂವರಲ್ಲಿ ಒಬ್ಬಳಿಗೆ ಆಗಲೇ ಏಳು ತಿಂಗಳು.

ಒಂದು ಬೆಳಿಗ್ಗೆ ಅಕ್ಕ ಎಲೆಯಲ್ಲಿ ಬಿಸಿ ಅರಿಸಿನದ ಪಟ್ಟು ತಂದಳು. ನನ್ನನ್ನು ದಾಟಿ ಒಳಗೆ ಹೋಗಿ ಮಗಳ ಮಂಡಿಗೆ ಕಟ್ಟಿದಳು. ವಾಪಸು ಬರುವಾಗ ಬಾಗಿಲಲ್ಲಿ ನಿಂತು, ಮಗು ಎಲ್ಲಿ ಬಿದ್ದಳು ಅಂತ ಯಾವತ್ತಾದರೂ ಕೇಳಿದ್ದೀಯಾ ಅಂದಳು. ಇಲ್ಲ ಅಂದೆ. ಮೊದಲಿನ ನಾಲ್ವರು ಎಲ್ಲಿ ಬಿದ್ದರು ಅಂತ ಕೇಳಿದ್ದೀಯಾ ಅಂದಳು. ಅದು ನನ್ನ ಕೆಲಸವಲ್ಲವಲ್ಲ ಅಕ್ಕಾ ಅಂದೆ. ಅವಳು ಅಷ್ಟಕ್ಕೇ ಬಿಟ್ಟು ಹೋದಳು.

ಉಪ್ಪು ತರುವವನೊಬ್ಬನನ್ನು ಹಿಡಿದು ಕೇಳಿದೆ. ಅವನು ತಲೆ ಕೆರೆದುಕೊಂಡ, ಅತ್ತಿತ್ತ ನೋಡಿದ, ಕೊನೆಗೆ ತೊಂಬತ್ತೊಂದರಲ್ಲಿ ಅಂದ. ಉಳಿದವರು? ಎಲ್ಲ ತೊಂಬತ್ತೊಂದರಲ್ಲೇ, ತಾಳೆಯಪ್ನೋರೇ, ಬೇರೆ ಕಡೆ ಯಾಕೆ ಬೀಳ್ತಾರೆ, ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡ.

ಮರುದಿನ ಬೆಳಗಾಗುತ್ತಲೇ ಒಂದು ಉದ್ದನೆಯ ಬಿದಿರು ಕೋಲು ಹಿಡಿದು, ಮಗಳ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹುದುಲಿಗೆ ಇಳಿದೆ. ಐವತ್ತೆರಡು ವರ್ಷದ ಅಂಗಾಲಿಗೆ ಕೆಸರು ತಗಲಿದಾಗ ಮೈ ಜುಮ್ಮೆಂದಿತು. ಒಂದು ಗಂಟು, ಒಂದು ಹೆಜ್ಜೆ. ಪ್ರತಿ ಹೆಜ್ಜೆಗೂ ಕಾಲ ಕೆಳಗೆ ಕಲ್ಲು ಸಿಗುತ್ತಿತ್ತು, ಸಿಕ್ಕಾಗಲೆಲ್ಲ 'ನೋಡು, ಸರಿಯಿದೆ, ಸರಿಯಿದೆ' ಅನ್ನುತ್ತಿದ್ದೆ. ಯಾರಿಗೆ ಹೇಳುತ್ತಿದ್ದೆನೋ. ತೊಂಬತ್ತನೆಯ ಕಲ್ಲಿನ ಮೇಲೆ ನಿಂತೆ. ಮುಂದಿನ ಗಂಟು ಎಡ. ಕೋಲನ್ನು ಎಡಕ್ಕೆ ಊರಿದೆ. ಅದು ಇಳಿಯಿತು. ಇನ್ನೂ ಇಳಿಯಿತು. ನನ್ನ ಮುಷ್ಟಿ ಕೆಸರಿಗೆ ತಗಲುವವರೆಗೂ ಇಳಿಯಿತು.

ಎಳೆದು ತೆಗೆದೆ. ಇನ್ನೊಂದು ಕಡೆ ಊರಿದೆ, ಮತ್ತೊಂದು ಕಡೆ, ಹೀಗೆ ಹತ್ತು ಸಲ. ಕಲ್ಲಿಲ್ಲ. ಬಲಕ್ಕೆ ಊರಲು ಕೈ ಬರಲಿಲ್ಲ. ತುಂಬಾ ಹೊತ್ತು ನಿಂತಿದ್ದು ಆಮೇಲೆ ಊರಿದೆ. ಟಕ್ ಅಂದಿತು.

ಆಗ ನನಗೆ ಮೊದಲು ಏನು ಹೊಳೆಯಿತು ಅಂತ ಹೇಳಿದರೆ ನೀವು ಕಥೆ ಕೇಳುವುದನ್ನೇ ಬಿಡಬಹುದು. ಆದರೂ ಹೇಳುತ್ತೇನೆ. ಈ ಕಲ್ಲು ತಪ್ಪಾದ ಜಾಗದಲ್ಲಿದೆ ಅಂದುಕೊಂಡೆ. ನಿಜವಾಗಿ ಅಂದುಕೊಂಡೆ. ಕಲ್ಲಿನ ಮೇಲೆ ಸಿಟ್ಟು ಬಂದು ಕೋಲಿನಿಂದ ಎರಡು ಸಲ ಕುಟ್ಟಿದೆ. ಮಗಳು ಕಂಕುಳವರೆಗೆ ಇಳಿದ ಜಾಗದಲ್ಲಿ ನಿಂತು, ತಾಯಿಬಟ್ಟೆಯನ್ನು ಬಿಟ್ಟುಕೊಡಲಾರದೆ ಒಂದು ಕಲ್ಲಿಗೆ ತಪ್ಪು ಹೊರಿಸುತ್ತಿದ್ದೆ ನಾನು. ಅದು ಅರ್ಥವಾದಾಗ ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ತಾಯಿಬಟ್ಟೆ ನೇಯ್ದವಳ ಕೈ ಆವತ್ತೇ ತಪ್ಪಿತ್ತೋ, ಆಮೇಲೆ ಕಲ್ಲು ಸರಿಯಿತೋ, ಯಾರಿಗೆ ಗೊತ್ತು. ನಲವತ್ತು ವರ್ಷ ನಾನು ಸರಿ ಅಂದದ್ದೆಲ್ಲ ಆ ಒಂದು ಜಾಗದಲ್ಲಿ ತಪ್ಪಾಗಿತ್ತು. ನಾನು ತಪ್ಪು ಅಂದದ್ದು ಒಂದೇ ಒಂದು ಸರಿಯಿತ್ತು.

ಕೆಸರು ಕಾಲಲ್ಲೇ ಊರ ಯಜಮಾನರ ಮನೆಗೆ ಹೋದೆ. ವಯಸ್ಸಾದವರು, ಒಳ್ಳೆಯವರು, ಯಾರಿಗೂ ಜೋರಾಗಿ ಮಾತಾಡಿದವರಲ್ಲ. ತಾಯಿಬಟ್ಟೆಯ ತೊಂಬತ್ತೊಂದನೆಯ ಗಂಟು ತಪ್ಪಿದೆ ಅಂತ ಏದುಸಿರು ಬಿಡುತ್ತಾ ಹೇಳಿದೆ. ಅವರು ಗಾಬರಿಯಾಗಲಿಲ್ಲ. ಕೂತ್ಕೋ ಅಂದರು. ಮಜ್ಜಿಗೆ ತರಿಸಿದರು.

"ಅದು ಎಲ್ಲರಿಗೂ ಗೊತ್ತಿರೋದೇ ಕಣಪ್ಪಾ" ಅಂದರು.

ನಮ್ಮ ಊರಿನಲ್ಲಿ ಹಾಲು ಕುಡಿಯುವ ಮಕ್ಕಳನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಂತೆ. ಮೊದಲ ಸಲ ದಾಟುವವರಿಗೆ ಮನೆಯವರು ಕಿವಿಯಲ್ಲಿ ಹೇಳುತ್ತಾರಂತೆ: ತೊಂಬತ್ತೊಂದು ಬಂದಾಗ ಬೆರಳು ಏನೇ ಹೇಳಲಿ, ಬಲಕ್ಕೆ ಇಡು. ಬಟ್ಟೆಯನ್ನು ಮುಟ್ಟುವ ಹಾಗಿಲ್ಲ, ಬಾಯಲ್ಲಿ ತಿದ್ದಿಕೊಳ್ಳುವುದು. ಹಾಗಾದರೆ ತಾಯಿಬಟ್ಟೆಯನ್ನೇ ಯಾಕೆ ತಿದ್ದಲಿಲ್ಲ ಅಂತ ಕೇಳಿದೆ. ಅವರು ಬೆರಳು ಮಡಿಸುತ್ತಾ ಹೇಳಿದರು. ಒಂದು ಗಂಟು ತಿದ್ದಲು ಇನ್ನೂರ ಇಪ್ಪತ್ತೆರಡು ಬಿಚ್ಚಬೇಕು. ಮತ್ತೆ ಹಾಕುವಾಗ ಇನ್ನೊಂದು ತಪ್ಪಿದರೆ ಯಾವುದರ ಜೊತೆ ತಾಳೆ ನೋಡುವುದು? ಒಂದು ತಪ್ಪು ಅಂದಮೇಲೆ ಉಳಿದದ್ದನ್ನು ಯಾರು ನಂಬುತ್ತಾರೆ? ಕತ್ತಲಂಥ ಮಂಜಿನಲ್ಲಿ ಬೆರಳನ್ನು ನಂಬದವನು ಯಾವ ಕಲ್ಲಿನ ಮೇಲೂ ಕಾಲಿಡಲಾರ. ಅವರ ಮಾತಿನಲ್ಲಿ ಹುರುಳಿಲ್ಲ ಅನ್ನಲಾರೆ. ಇವತ್ತಿಗೂ ಅನ್ನಲಾರೆ.

ಬಾಯಿ ತಲುಪದವರು ಏನು ಮಾಡಬೇಕು ಅಂದೆ. ಕಿವುಡ, ಅತ್ತೆಗೆ ಬೇಡವಾದ ಸೊಸೆ, ಮಾತು ಬಿಟ್ಟ ಕುಂಬಾರ, ಮರೆವಿನ ಮುದುಕ. ಹೇಳುತ್ತಿದ್ದ ಹಾಗೆ ಆ ನಾಲ್ವರೇ ಯಾಕೆ ಬಿದ್ದರು ಅಂತ ನನಗೇ ತಿಳಿಯುತ್ತಾ ಹೋಯಿತು. ಯಜಮಾನರು ಮಜ್ಜಿಗೆಯ ಲೋಟ ನೋಡುತ್ತಾ ಕೂತಿದ್ದರು.

"ನನ್ನ ಮಗಳಿಗೆ ಯಾಕೆ ಯಾರೂ ಹೇಳಲಿಲ್ಲ?"

"ನಿನ್ನ ಮನೆಗೆ ಬಂದು ತಾಯಿಬಟ್ಟೆ ತಪ್ಪು ಅಂತ ಯಾರು ಹೇಳ್ತಾರೆ ತಾಳೆಯಪ್ಪಾ? ಆ ಹೆಂಗಸು ಹೇಳೋಕೆ ಬಂದಳು. ಏನು ಮಾಡಿದೆ ನೀನು?"

ಆ ಪ್ರಶ್ನೆಗೆ ನಾನು ಎದ್ದು ಬಂದುಬಿಟ್ಟೆ.

ನಲವತ್ತು ವರ್ಷ ನನ್ನ ಎದುರು ಇಡೀ ಊರು ನಾಟಕ ಆಡಿತ್ತು. ನಾನು ಬೆರಳು ನೆನೆಸುವುದು, ಕಣ್ಣು ಕಟ್ಟುವುದು, 'ಸರಿ' ಅನ್ನುವುದು, ಅವರು ಕೈ ಮುಗಿಯುವುದು, ಹಿಂದಿರುಗಿ ಹೋಗಿ ಮಕ್ಕಳ ಕಿವಿಯಲ್ಲಿ 'ತಾಳೆಯಪ್ಪ ಏನಾದ್ರೂ ಅನ್ನಲಿ, ನೀನು ಬಲಕ್ಕಿಡು' ಅನ್ನುವುದು. ಯಾರ ಮೇಲೂ ನನಗೆ ಸಿಟ್ಟು ಬರಲಿಲ್ಲ. ಬರೀ ನಾಚಿಕೆ. ಬೀದಿಯಲ್ಲಿ ಹೋಗಲು, ಬಾವಿಯಲ್ಲಿ ನೀರು ಸೇದಲು, ಮಗಳ ಕೈಯಿಂದ ತುತ್ತು ಅನ್ನ ಹಾಕಿಸಿಕೊಳ್ಳಲು ನಾಚಿಕೆ.

ಕೂಡಲೇ ಚಾವಡಿಗೆ ಓಡಿ ಎಲ್ಲರೆದುರು ಹೇಳಿದೆ ಅಂತ ನೀವು ಅಂದುಕೊಂಡಿದ್ದರೆ, ಇಲ್ಲ. ಹನ್ನೊಂದು ದಿನ ಮನೆಯಲ್ಲೇ ಕೂತಿದ್ದೆ. ಜ್ವರ ಅಂತ ಸುಳ್ಳು ಹೇಳಿದೆ. ಮಗಳ ಹೆಜ್ಜೆ ಸರಿ ಅನ್ನಬೇಕಾದರೆ ಆ ನಾಲ್ವರ ಹೆಜ್ಜೆಯೂ ಸರಿ ಅನ್ನಬೇಕು. ಅಂದಮೇಲೆ ಅವರಿಗೆ ಶಿಕ್ಷೆ ಕೊಟ್ಟವನು ಯಾರು? ಅದನ್ನು ಬಾಯಿಬಿಟ್ಟು ಹೇಳುವ ಬದಲು, ಮಗಳು ಗೋಡೆ ಹಿಡಿದು ನಡೆಯುವುದನ್ನೇ ನೋಡುತ್ತಾ ಇರಬಹುದು ಅನ್ನಿಸಿತ್ತು. ಹನ್ನೊಂದು ದಿನ ಅನ್ನಿಸಿತ್ತು. ಹನ್ನೆರಡನೆಯ ದಿನ ಏಳು ತಿಂಗಳ ಬಸುರಿಗೆ ಅವಧಿಗೆ ಮುಂಚೆ ನೋವು ಬಂದು ಊರೆಲ್ಲ ಒದ್ದಾಡಿತು. ಹೇಗೋ ಹೆಂಗಸು ಉಳಿದಳು. ಕೂಸು ಉಳಿಯಲಿಲ್ಲ.

ಆಗ ಹೋದೆ. ಡಂಗುರ ಹೊಡೆಸಿ ಎಲ್ಲರನ್ನೂ ಸೇರಿಸಿದೆ. ಬೆರಳು ನೆನೆಸಲಿಲ್ಲ, ಕಣ್ಣು ಕಟ್ಟಲಿಲ್ಲ. ತಾಯಿಬಟ್ಟೆಯ ತೊಂಬತ್ತೊಂದನೆಯ ಗಂಟಿನ ಮೇಲೆ ಕೈಯಿಟ್ಟು 'ತಪ್ಪು' ಅಂದೆ. ಜನ ಬೆಚ್ಚಿಬೀಳುತ್ತಾರೆ ಅಂದುಕೊಂಡಿದ್ದೆ. ಒಬ್ಬರೂ ಬೀಳಲಿಲ್ಲ, ಎ‌ಲ್ಲರಿಗೂ ಗೊತ್ತಿದ್ದ ವಿಷಯ ತಾನೆ. ಆದರೆ ಹಿಂದಿನ ಸಾಲಿನಿಂದ ಕುಂಬಾರನ ತಾಯಿ ಎದ್ದು ಬಂದಳು, ಬಗ್ಗಿದ ಮುದುಕಿ. ನನ್ನ ಎದುರು ನಿಂತು ಕೇಳಿದಳು:

"ನನ್ನ ಮಗನ ಹೆಜ್ಜೆ ಸರಿಯಿತ್ತಾ? ಬಾಯಿಬಿಟ್ಟು ಹೇಳು."

"ಸರಿಯಿತ್ತಮ್ಮಾ" ಅಂದೆ.

ಅವಳು ಅಲ್ಲೇ ಕೂತು ಮಗನ ಹೆಸರು ಹಿಡಿದು ಅಳತೊಡಗಿದಳು. ಹದಿನಾರು ವರ್ಷದ ಅಳು ಅದು. ಅವಳಿಗೂ ತೊಂಬತ್ತೊಂದು ಬಲ ಅಂತ ಗೊತ್ತಿತ್ತಲ್ಲ, ಮಗ ಮಾತು ಬಿಟ್ಟಿದ್ದಕ್ಕೆ ತಾನೂ ಬಿಗಿದುಕೊಂಡು ಹೇಳದೆ ಹೋಗಿದ್ದಳು. ಆ ಸೊಸೆಯ ಅತ್ತೆಯೂ ಗುಂಪಿನಲ್ಲಿದ್ದಳು, ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಆವತ್ತು ಚಾವಡಿಯಲ್ಲಿ ತಲೆ ಎತ್ತಿದವರು ಯಾರೂ ಇರಲಿಲ್ಲ. ನಾನೊಬ್ಬನೇ ತಪ್ಪಿತಸ್ಥ ಅಂತ ಬಂದಿದ್ದೆ, ನೋಡಿದರೆ ತಪ್ಪಿತಸ್ಥರ ನಡುವೆ ನನಗೆ ಜಾಗವೇ ಇರಲಿಲ್ಲ.

ತಾಯಿಬಟ್ಟೆಯನ್ನು ಬಿಚ್ಚಿ ಕಟ್ಟಿದ್ದು ಅಕ್ಕನೇ. ನಾನು ಪಕ್ಕದಲ್ಲಿ ಕೂತೆ. ಅವಳು ಒಂದೊಂದು ಗಂಟು ಬಿಚ್ಚುವಾಗಲೂ 'ನನ್ನ ಬೆರಳು ತಪ್ಪಿತು' ಅನ್ನಬೇಕೆಂದು ತೀರ್ಮಾನಿಸಿಕೊಂಡು ಹೋಗಿದ್ದೆ. ಮೂರನೆಯದಕ್ಕೇ ಅವಳು, ಸುಮ್ನಿರಪ್ಪಾ, ಎಣಿಕೆ ತಪ್ಪುತ್ತೆ, ಅಂದಳು. ಬಾಯಿ ಮುಚ್ಚಿಕೊಂಡು ದಾರ ಹಿಡಿದುಕೊಂಡೆ. ಇನ್ನು ಮುಂದೆ ತಾಳೆ ನೋಡುವವರು ವರ್ಷಕ್ಕೊಮ್ಮೆ ಕೋಲು ಹಿಡಿದು ಹುದುಲು ದಾಟಬೇಕು, ಬಟ್ಟೆಯೂ ಕಲ್ಲೂ ಬೇರೆಯಾದರೆ ತಿದ್ದಬೇಕಾದ್ದು ಬಟ್ಟೆಯನ್ನು, ಎಂದು ಯಜಮಾನರು ಹೇಳಿದರು. ಆ ಕೆಲಸವನ್ನು ಬೇರೆಯವರಿಗೆ ಕೊಡಿ ಅಂದೆ.

ಮಗಳಿಗೆ ಮತ್ತೆ ದಾಟುವ ಅಪ್ಪಣೆ ಸಿಕ್ಕಿತು. ಹೊರಡುವ ಬೆಳಿಗ್ಗೆ ಅವಳು ಹೊಸ್ತಿಲ ಮೇಲೆ ಕೂತು ಗಂಟುಮೂಟೆ ಕಟ್ಟುತ್ತಿದ್ದಳು. ಎಡಗಾಲು ಇನ್ನೂ ಸ್ವಲ್ಪ ಎಳೆಯುತ್ತಿತ್ತು. ಊರೆದುರು ಒಪ್ಪಿಕೊಂಡದ್ದರಿಂದ ನನ್ನ ಎದೆ ಒಂದಿಷ್ಟು ಹಗುರವಾಗಿತ್ತು, ಸುಳ್ಳು ಯಾಕೆ ಹೇಳಲಿ. ಇನ್ನು ಇವಳೊಬ್ಬಳ ಹತ್ತಿರ ಹೇಳಿಬಿಟ್ಟರೆ ಮುಗಿಯಿತು ಅಂದುಕೊಂಡು ಪಕ್ಕದಲ್ಲಿ ಕೂತೆ.

"ನನಗೆ ಹೆದರಿ ನಿಂಗೆ ಯಾರೂ ಹೇಳ್ಲಿಲ್ಲವಲ್ಲ ಮಗಾ" ಅಂದೆ. "ಅದೊಂದು ನನ್ನ ಕೊನೇವರೆಗೂ ಸುಡುತ್ತೆ."

ಅವಳು ತಲೆ ಎತ್ತಲಿಲ್ಲ. "ಹೇಳಿದ್ರಪ್ಪಾ. ನನಗೆ ಆರೇಳು ವರ್ಷ ಇದ್ದಾಗ್ಲೇ ಪಕ್ಕದ ಮನೆ ಅತ್ತೆ ಹೇಳಿದ್ರು. ಹೊರಡೋ ಹಿಂದಿನ ದಿನ ನೇಯೋ ದೊಡ್ಡಮ್ಮ ಬಂದು ಕೈ ಹಿಡ್ಕೊಂಡು ಹೇಳಿದ್ರು. ತೊಂಬತ್ತೊಂದು ಬಲ ಅಂತ ನಂಗೆ ಗೊತ್ತಿತ್ತು."

ನಾನು ಅವಳ ಎಡ ಮೊಣಕಾಲು ನೋಡಿದೆ.

"ಮತ್ತೆ ಎಡಕ್ಕೆ ಯಾಕಮ್ಮಾ ಇಟ್ಟೆ?"

"ನೀನು ಸರಿ ಅಂದಿದ್ದೆ" ಅಂದಳು. ಮೂಟೆಯ ಹಗ್ಗವನ್ನು ಒಮ್ಮೆ ಬಿಗಿದಳು. "ಊರಲ್ಲಿ ಒಬ್ಬರೂ ನಿನ್ನ ಮಾತು ನಂಬಿ ಕಾಲಿಡ್ತಿರ್ಲಿಲ್ಲಪ್ಪಾ. ನಾನೊಬ್ಬಳಾದ್ರೂ ಇಡೋಣ ಅನ್ನಿಸ್ತು."

ಕಾಲಿಗೆ ಬಿದ್ದು, ಮೂಟೆ ಎತ್ತಿಕೊಂಡು, ಎಡಗಾಲು ಎಳೆಯುತ್ತಾ ದಡದ ಕಡೆ ಹೋದಳು. ಹಿಂದೆ ಹೋಗಿ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು, ಹೊಸ್ತಿಲ ಮೇಲೇ ಕೂತಿದ್ದೆ. ಮಂಜಿನೊಳಗಿಂದ ಅವಳು ಎಣಿಸುವುದು ಮೂವತ್ತರವರೆಗೆ ಕೇಳಿಸಿತು, ಆಮೇಲೆ ಕೇಳಿಸಲಿಲ್ಲ.